ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದವನು

—ಅಥವಾ ಅದು ತಾಳಮದ್ದಳೆಗೆ ಮೊದಲೇ ನಡೆದಿತ್ತೋ? ಇಷ್ಟು ವರ್ಷ ಕಳೆದರೂ ಈ ಹಿಂದುಮುಂದು ನನಗೆ ಸರಿಹೋಗುತ್ತಿಲ್ಲ. ನಡೆದದ್ದರ ಬಗ್ಗೆ ಸಂಶಯವಿಲ್ಲ. ಸಂಕಪ್ಪ ನಮ್ಮ ಜಗಲಿಯಲ್ಲಿ ನಿಂತು ನನ್ನನ್ನು ಕೇಳಿದಾಗ ನಾನು ಒಳಕೋಣೆಯಲ್ಲೇ ಇದ್ದೆ. ಇಲ್ಲವೆಂದು ಹೇಳಿಸಿದೆ. ಅದನ್ನೂ ಹೆಂಡತಿಯ ಬಾಯಿಂದ. ತಾಳಮದ್ದಳೆಗೆ ಮೊದಲು ನಡೆದಿದ್ದರೆ ಅದು ಬರೀ ಬೇಸರ. ಆಮೇಲೆ ನಡೆದಿದ್ದರೆ ಅದಕ್ಕೆ ಬೇರೆ ಹೆಸರಿದೆ.

ನಾನು ಆಗ ಆಲಂಕಾರಿನಲ್ಲಿ ಶಾಲೆ ಮಾಷ್ಟ್ರು. ಐವತ್ತರ ದಶಕದ ಕೊನೆ ಇರಬೇಕು. ಉಗುರು ಕತ್ತರಿಸಿ, ಬೇಗ ಏಳಿ, ಹೊತ್ತಿಗೆ ಸರಿಯಾಗಿ ಉಣ್ಣಿ ಎಂದು ಮಕ್ಕಳಿಗೆ ಹೇಳಿ ಹೇಳಿ, ದೊಡ್ಡವರಿಗೂ ಹೇಳುವ ಚಟ ಹತ್ತಿತ್ತು. ಒಳ್ಳೆಯ ದಿನಚರಿಯೊಂದಿದ್ದರೆ ಮನುಷ್ಯ ಸುಖವಾಗಿರುತ್ತಾನೆ—ಇದು ನನ್ನ ಗಟ್ಟಿ ನಂಬಿಕೆ. ಸಂಕಪ್ಪ ಟೈಲರ್. ದಿನಸಿ ಅಂಗಡಿಯ ಜಗಲಿಯಲ್ಲಿ ಅವನ ಹೊಲಿಗೆ ಮಿಷನ್. ಕುಡಿಯುತ್ತಿದ್ದ. ಅದು ಪಾನನಿಷೇಧದ ಕಾಲ, ಆದರೂ ಊರಂಚಿನ ತೋಡು, ಆ ಸಣ್ಣ ಹಳ್ಳ, ದಾಟಿದರೆ ಕಳ್ಳಭಟ್ಟಿ ಸಿಗುತ್ತಿತ್ತು, ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ನನ್ನ ಅಂಗಿಯ ಅಳತೆ ತೆಗೆಯುತ್ತಾ ಅವನೇ ಹೇಳಿದ. "ಬಿಡ್ಬೇಕು ಅಂತ ಉಂಟು ಮಾಷ್ಟ್ರೆ. ಹಗಲಿಡೀ ಎಂತ ತೊಂದರೆ ಇಲ್ಲ. ಈ ದೀಪ ಹಚ್ಚುವ ಹೊತ್ತು ಬಂತಲ್ಲ, ಕಾಲು ತನ್ನಷ್ಟಕ್ಕೇ ತೋಡಿನ ಕಡೆ ಹೋಗ್ತದೆ."

"ಹಾಗಾದ್ರೆ ಆ ಹೊತ್ತಿಗೆ ಕಾಲಿಗೆ ಬೇರೆ ದಾರಿ ತೋರಿಸು ಮಾರಾಯ. ನಮ್ಮಲ್ಲಿಗೆ ಬಾ. ದಿನಾ ಬಾ."

ದಿನಾ. ಉಳಿದ ಮಾತುಗಳನ್ನು ನಾನು ಈಗ ಕೂತು ಕಟ್ಟಿದ್ದೂ ಇರಬಹುದು. ಆ ಒಂದು ಶಬ್ದ ಮಾತ್ರ ನನ್ನದೇ.

ಅವನು ಬಂದ. ಮಿಷನ್ ಮುಚ್ಚಿ ನೇರ ನಮ್ಮ ಮನೆಗೆ. ಕಾಲು ತೊಳೆದು ಜಗಲಿ ಹತ್ತುತ್ತಿದ್ದ. ನನ್ನ ಹೆಂಡತಿ ಬೆಲ್ಲ ನೀರು ಇಡುತ್ತಿದ್ದಳು. ಮಾತಾಡಲು ನಮಗೆ ಬೇರೆ ವಿಷಯವಿರಲಿಲ್ಲ, ಹಾಗಾಗಿ ತಾಳಮದ್ದಳೆಯ ಅರ್ಥ ಹೇಳಲು ಕಲಿಸತೊಡಗಿದೆ. ಪದ್ಯ ಓದುವುದು, ನಾನೊಂದು ಪಾತ್ರವಾಗಿ ವಾದ ಹೂಡುವುದು, ಅವನು ಎದುರು ಪಾತ್ರವಾಗಿ ಉತ್ತರ ಕೊಡುವುದು. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಊರಿನಲ್ಲಿ ನನಗೆ ಅರ್ಥಧಾರಿ ಎಂಬ ಸಣ್ಣ ಹೆಸರಿತ್ತು.

ಕೆಲವು ತಿಂಗಳಲ್ಲಿ ಅವನ ಕೈಯ ನಡುಕ ನಿಂತಿತು. ಮೊದಲೆಲ್ಲ ಸೂಜಿಗೆ ನೂಲು ಏರಿಸಲು ಅಂಗಡಿಯವನನ್ನು ಕರೆಯುತ್ತಿದ್ದವ, ಈಗ ಬೀದಿಯಲ್ಲಿ ಹೋಗುವವರೊಡನೆ ಮಾತಾಡುತ್ತಲೇ ಏರಿಸುತ್ತಿದ್ದ. ಅವನ ಹೆಂಡತಿ ದೇವಕಿ ದಾರಿಯಲ್ಲಿ ಸಿಕ್ಕಾಗ ನಿಂತು ನಗುತ್ತಿದ್ದಳು.

ಆಮೇಲೆ ಶಾಲೆಯ ಜಗಲಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ತಾಳಮದ್ದಳೆ. ಯಾವ ಪ್ರಸಂಗವೆಂದು ಹೇಳುವುದಿಲ್ಲ. ಹೇಳಿದರೆ ನನ್ನ ಕತೆಗೆ ಇಲ್ಲದ ಗೌರವ ಹತ್ತಿಕೊಳ್ಳುತ್ತದೆ. ಎದುರು ಪಾತ್ರಧಾರಿ ಬರಲಿಲ್ಲವೆಂದು ಸಂಕಪ್ಪನನ್ನು ಕೂರಿಸಿದರು. ನಾನು ಹೂಡಿದ ವಾದವನ್ನು ಅವನು ಮೆಲ್ಲಗೆ, ಒಂದೊಂದೇ ಹೊಲಿಗೆ ಬಿಚ್ಚುವಂತೆ ಬಿಚ್ಚಿದ. ನಾನು ಪ್ರಸಂಗದ ಪುಸ್ತಕದ ಹಾಳೆ ತಿರುವಿದೆ. ಪದ್ಯ ಹಾಡುತ್ತಿದ್ದ ಭಾಗವತರು ಜಾಗಟೆ ಕೆಳಗಿಟ್ಟು, "ಎಂತ ಮಾಷ್ಟ್ರೆ, ಟೈಲರು ನಿಮ್ಮ ಬಾಯಿಗೇ ಹೊಲಿಗೆ ಹಾಕಿದ ಅಲ್ವಾ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಕಪ್ಪ ಮಾತ್ರ ನಗಲಿಲ್ಲ—ತಪ್ಪು ಮಾಡಿದವನ ಹಾಗೆ ನನ್ನನ್ನೇ ನೋಡುತ್ತಿದ್ದ.

ಇನ್ನು ಆ ಸಂಜೆ. ಮಳೆ ಬರುತ್ತಿತ್ತೆಂದು ನೆನಪು. ಆದರೆ ಆ ಮಳೆಯನ್ನು ನಾನೇ ಆಮೇಲೆ ತಂದು ಸುರಿಸಿದ್ದಿರಬೇಕು. ಮಾಡಿದ ತಪ್ಪು ಮಳೆಯಲ್ಲಿ ಸ್ವಲ್ಪ ಚಂದ ಕಾಣುತ್ತದೆ. ಮಳೆ ಬೇಡ. ಒಣ ಸಂಜೆ ಎಂದಿಟ್ಟುಕೊಳ್ಳುತ್ತೇನೆ. ಅವನು ಕಾಲು ತೊಳೆಯುವ ಸದ್ದು ಕೇಳಿತು. "ಇಲ್ಲ ಅಂತ ಹೇಳು" ಎಂದೆ. ಹೆಂಡತಿ ನನ್ನನ್ನು ನೋಡಿದಳು. "ಹೇಳು."

"ಅವರು ಪುತ್ತೂರಿಗೆ ಹೋಗಿದ್ದಾರೆ ಸಂಕಪ್ಪ."

"ಹೌದಾ ಅಕ್ಕ." ನನಗೆ ಕೆಮ್ಮು ಬಂತು. ತಡೆಯಲು ಆಗಲಿಲ್ಲ—ಅಥವಾ ತಡೆಯಲಿಲ್ಲ.

"ಆಗ್ಲಿ. ನಾನು ಬಂದಿದ್ದೆ ಅಂತ ಹೇಳಿ."

ಅಂದು ಅವನು ತೋಡು ದಾಟಿದ. ಮರುದಿನವೂ. ನಮ್ಮ ಮನೆಗೆ ಮತ್ತೆ ಬರಲಿಲ್ಲ.

ಬಹಳ ಕಾಲ ನಾನು ಇದನ್ನು ತಾಳಮದ್ದಳೆಗೆ ಹಿಂದಿನ ವಾರಕ್ಕೆ ಸೇರಿಸಿ ನೆನೆಯುತ್ತಿದ್ದೆ. ಆದರೆ ಕುಡಿತಕ್ಕೆ ಮರಳಿದವನನ್ನು ಶಾಲೆಯ ಜಗಲಿಯಲ್ಲಿ ನನ್ನೆದುರು ಯಾರು ಕೂರಿಸುತ್ತಿದ್ದರು? ಆಮೇಲೆಯೇ ನಡೆದದ್ದು. ಬರೆಯುತ್ತಾ ಬಂದಾಗ ಗೊತ್ತಾಗುತ್ತಿದೆ. ಹೊಟ್ಟೆಕಿಚ್ಚು.

ಆದರೆ ನಾನು ಹೇಳಬೇಕಾದ್ದು ಇದಲ್ಲ. ಇದು ಕೆಟ್ಟದ್ದು, ಮುಂದಿನದು ಇದಕ್ಕಿಂತ ಕೆಟ್ಟದ್ದು.

ಕೆಲವು ದಿನ ಬಿಟ್ಟು ದೇವಕಿ ಬಂದಳು. ಬೆಳಿಗ್ಗೆ, ನಾನು ಶಾಲೆಗೆ ಹೊರಟಿದ್ದೆ. ಅಂಗಳದಲ್ಲೇ ನಿಂತು ಕೇಳಿದಳು.

"ಒಂದು ಕೇಳುದು ಉಂಟು ಮಾಷ್ಟ್ರೆ. ಇವರು ಆವತ್ತು ಇಲ್ಲಿಗೆ ಬಂದದ್ದಂತೆ. ನೀವು ಒಳಗೇ ಇದ್ರಂತೆ, ಕೆಮ್ಮಿದ್ದು ಕೇಳಿತಂತೆ. ಹೌದಾ?"

ಹೌದು ಎನ್ನಬಹುದಿತ್ತು. ಅವಳು ಬೈಯುತ್ತಿದ್ದಳೋ, ಅಳುತ್ತಿದ್ದಳೋ, ಹೋಗಿ ಅವನಿಗೆ ಹೇಳುತ್ತಿದ್ದಳು. ಬಹುಶಃ ಅವನನ್ನು ಕರೆದುಕೊಂಡೇ ಬರುತ್ತಿದ್ದಳು.

"ಇಲ್ಲಮ್ಮ. ನಾನು ಬೆಟ್ಟಂಪಾಡಿಗೆ ಹೋಗಿದ್ದೆ."

"ನಾನೂ ಅದೇ ಹೇಳಿದ್ದು ಇವರಿಗೆ. ಮಾಷ್ಟ್ರು ಹಾಗೆ ಮಾಡುವವರಲ್ಲ, ಕುಡಿದ ಬಾಯಿ ಎಂತ ಬೇಕಾದ್ರೂ ಹೇಳ್ತದೆ ಅಂತ."

ಹಾಗೆ, ನಿಜ ಹೇಳಿದ ಗಂಡನನ್ನು ಬಿಟ್ಟು ಅವಳು ನನ್ನನ್ನು ನಂಬಿದಳು. ಆಗಲೇ ನನಗೆ ಹೊಳೆಯಿತು: ಹೆಂಡತಿ ಪುತ್ತೂರು ಎಂದಿದ್ದಳು, ನಾನು ಬೆಟ್ಟಂಪಾಡಿ ಎಂದೆ. ದೇವಕಿ ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿದಳು.

"ಹೌದಾ ಅಕ್ಕ?"

"ಅವರು ಹೇಳಿದ್ರಲ್ಲ" ಎಂದು ನನ್ನ ಹೆಂಡತಿ ಒಳಗೆ ಹೋದಳು. ಅಂದಿನಿಂದ ಇಂದಿನವರೆಗೆ ಮನೆಗೆ ಯಾರು ಬಂದರೂ ನಾನು ಇದ್ದೇನೆಂದಾಗಲಿ ಇಲ್ಲವೆಂದಾಗಲಿ ಅವಳು ಹೇಳಿಲ್ಲ. ಒಳಗೆ ಬಂದು, "ನೀವೇ ಹೋಗಿ ಹೇಳಿ" ಎನ್ನುತ್ತಾಳೆ.

ಸಂಕಪ್ಪ ಮಿಷನ್ ಮಾರಿ ಸುಳ್ಯದ ಕಡೆ ಹೋದನೆಂದು ಅಂಗಡಿಯವರು ಹೇಳಿದರು; ಒಬ್ಬನೇ ಹೋದ, ದೇವಕಿ ತಾಯಿಮನೆಗೆ ಹೋದಳು ಎಂದೂ. ಒಮ್ಮೆ ಸುಳ್ಯದಲ್ಲಿ ಬಸ್ಸಿಳಿದು ಟೈಲರ್ ಅಂಗಡಿಗಳ ಸಾಲಿನ ಮುಂದೆ ನಡೆದೆ. ಯಾರನ್ನೂ ವಿಚಾರಿಸಲಿಲ್ಲ. ಸಿಕ್ಕಿದರೆ ಏನು ಹೇಳುವುದೆಂಬ ಹೆದರಿಕೆ.

ಗಂಡನಿಂದ ಪುತ್ತೂರೆಂದು ಕೇಳಿರಬಹುದಾದ ದೇವಕಿ ಆ ಬೆಳಿಗ್ಗೆ ಎರಡು ಊರುಗಳ ಹೆಸರು ಗಮನಿಸಿದಳೋ ಇಲ್ಲವೋ, ಮನೆಗೆ ಹೋಗಿ ಗಂಡನಿಗೆ ಏನು ಹೇಳಿದಳು, ಅದಕ್ಕೆ ಅವನು ಏನಾದರೂ ಉತ್ತರ ಕೊಟ್ಟನೋ, ತೋಡಿನ ಕಡೆ ನಡೆದನೋ—ನನಗೆ ಗೊತ್ತಿಲ್ಲ.