ಲಾಲಸಾಬನ ಮೂರು ಗಿಟಾರು

ಅಫಜಲಪುರದ ಸುತ್ತಮುತ್ತ ಯಾರಾದರೂ ಬಾಗಿಲ ಚೌಕಟ್ಟಿಗೆಂದು ಕಟ್ಟಿಗೆ ತಂದರೆ ಅದನ್ನು ಮೊದಲು ಬಡಿಗ ಲಾಲಸಾಬನ ಅಂಗಳದಲ್ಲಿ ಇಳಿಸುತ್ತಾರೆ. ಲಾಲಸಾಬ ದಿಮ್ಮಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನಡುಬೆರಳಿನ ಗಂಟಿನಿಂದ ಮೂರು ಕಡೆ ಬಡಿಯುತ್ತಾನೆ. ತಲೆಯನ್ನು ಒಂದು ಮಗ್ಗುಲಿಗೆ ವಾಲಿಸುತ್ತಾನೆ. ಆಮೇಲೆ "ಗಟ್ಟಿ ಅದ" ಅನ್ನುತ್ತಾನೆ, ಇಲ್ಲವೇ "ಒಳಗ ಪೊಳ್ಳ ಅದ" ಅನ್ನುತ್ತಾನೆ. ಅವನು ಪೊಳ್ಳು ಅಂದ ದಿಮ್ಮಿಯನ್ನು ಸೀಳಿ ನೋಡಿದವರಿಗೆ ಒಳಗೆ ಗೆದ್ದಲು ಸಿಕ್ಕೇ ಸಿಕ್ಕಿದೆ. ಆಳಂದದಿಂದ, ಜೇವರ್ಗಿಯಿಂದ ಜನ ಟಂಟಂ ಗಾಡಿಯಲ್ಲಿ ದಿಮ್ಮಿ ಹೇರಿಕೊಂಡು ಬರುವುದು ಆ ಒಂದು ಮಾತಿಗಾಗಿ.

ಕಟ್ಟಿಗೆಯ ಆ ದನಿ ಲಾಲಸಾಬನಿಗೆ ಕೇಳಿಸದೆ ಆರು ವರ್ಷವಾಗಿತ್ತು.

ನಲವತ್ತು ವರ್ಷ ಕಟ್ಟಿಗೆ ಕೊಯ್ಯುವ ಮಷೀನಿನ ಪಕ್ಕ ನಿಂತವನ ಕಿವಿ ಇನ್ನೇನಾಗಬೇಕು? ಎದುರಿಗೆ ಕೂತು ಮಾತಾಡಿದರೆ ಕೇಳುತ್ತಿತ್ತು. ಬಾಯಿ ನೋಡುತ್ತಿದ್ದರೆ ಇನ್ನೂ ಚೆನ್ನಾಗಿ ಕೇಳುತ್ತಿತ್ತು. ಆದರೆ ಕಟ್ಟಿಗೆಯ ಒಳಗಿನ ಸಣ್ಣ ದನಿ ಹೋಗಿಬಿಟ್ಟಿತ್ತು. ಇದನ್ನು ಮೊದಲು ಕಂಡುಹಿಡಿದವಳು ಹೆಂಡತಿ ಖುರ್ಷಿದಬೇಗಂ. ಮದುವೆಯಾದಾಗಿನಿಂದ ಆ ಬಡಿತ ಕೇಳುತ್ತಾ ರೊಟ್ಟಿ ಬಡಿದವಳು ಅವಳು, ಗಂಡ ಒಂದು ಪೊಳ್ಳು ದಿಮ್ಮಿಯನ್ನು ಗಟ್ಟಿ ಅಂದ ದಿನವೇ ಅವಳಿಗೆ ಗೊತ್ತಾಯಿತು. ಮಾರನೆಯ ದಿನದಿಂದ ಗಿರಾಕಿ ಬಂದಾಗಲೆಲ್ಲ ಮೊರದಲ್ಲಿ ಜೋಳ ಹಾಕಿಕೊಂಡು ಒಳಬಾಗಿಲಲ್ಲಿ ಕೂರತೊಡಗಿದಳು. ಬಡಿದ ದನಿ ತುಂಬಿ ಬಂದರೆ ಮೊರ ಆಡುತ್ತಿತ್ತು, ದನಿ ಕೆಟ್ಟಿದ್ದರೆ ನಿಂತುಬಿಡುತ್ತಿತ್ತು. ಲಾಲಸಾಬ ತಲೆ ವಾಲಿಸುತ್ತಿದ್ದದ್ದು ಮೊರ ನೋಡುವುದಕ್ಕೆ.

ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಇಷ್ಟು ಜೋಳ ಯಾರು ತಿನ್ನುತ್ತಾರೆ ಎಂದು ಓಣಿಯವರಿಗೆ ಒಮ್ಮೆಯೂ ಅನುಮಾನ ಬರಲಿಲ್ಲ. ಅದು ಎರಡು ವರ್ಷದಿಂದ ಮೊರದಲ್ಲಿ ಆಡುತ್ತಿದ್ದ ಅದೇ ಜೋಳ. ಅಷ್ಟು ಹಸನಾದ ಜೋಳ ಇಡೀ ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಕಿವುಡ ಬಡಿಗ ಅನ್ನಿಸಿಕೊಳ್ಳುವುದಕ್ಕೆ ಲಾಲಸಾಬ ಎಷ್ಟು ಹೆದರುತ್ತಿದ್ದ ಅಂದರೆ, ಈ ವಿಷಯವನ್ನು ಹೆಂಡತಿಯೊಡನೆಯೂ ಬಾಯಿಬಿಟ್ಟು ಆಡಿರಲಿಲ್ಲ. ಕೆಲಸ ಹೋಗುತ್ತದೆ ಎನ್ನುವುದು ಆಮೇಲಿನ ಮಾತು. ಆ ಬೆರಳಿನ ಗಂಟು ಒಂದನ್ನು ಬಿಟ್ಟರೆ ಊರಿನಲ್ಲಿ ತಾನು ಯಾರು ಎಂಬುದೇ ಅವನಿಗೆ ತಿಳಿಯದು.

ಹೀಗಿರುವಾಗ ಚೌಡಾಪುರದ ಧಮ್ಮಪಾಲ ಒಂದು ಎಲೆಕ್ಟ್ರಿಕ್ ಗಿಟಾರನ್ನು ಚೀಲದಲ್ಲಿ ತುಂಬಿಕೊಂಡು ಬಂದ. ಚೀಲದಲ್ಲಿ ಅಂದದ್ದು ಸರಿಯಾಗಿಯೇ ಇದೆ, ಅದು ಹಾಗೆ ತುಂಬುವ ಸ್ಥಿತಿಯಲ್ಲಿತ್ತು. ಧಮ್ಮಪಾಲ ಭೀಮಗೀತೆಗಳ ತಂಡ ಕಟ್ಟಿದವನು. ಕಾರ್ಯಕ್ರಮ ಮುಗಿಸಿ ಬರುವಾಗ ಗಿಟಾರು ಟೆಂಪೋದಿಂದ ಬಿದ್ದು, ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ಅದರ ಮೇಲೆ ಹೋಗಿತ್ತು. ಉದ್ದನೆಯ ಕುತ್ತಿಗೆ, ತಂತಿ, ತಂತಿಯ ಕೆಳಗಿನ ಪಿಕಪ್ ಎಂಬ ಅಯಸ್ಕಾಂತದ ಪಟ್ಟಿ ಇಷ್ಟು ಉಳಿದಿದ್ದವು. ಒಡಲು ಪುಡಿಯಾಗಿತ್ತು.

"ಚಾಚಾ, ಇದಕ್ಕೊಂದು ಮೈ ಮಾಡಿ ಕೊಡ್ರಿ. ಯಾವ ಕಟಿಗಿ ಹಾಕಿದ್ರ ದನಿ ಚಂದ ಬರ್ತದ ನೀವೇ ಹೇಳಬೇಕು."

ಜೊತೆಗೆ ಬಂದಿದ್ದವನು ಜೇವರ್ಗಿಯ ಕಲ್ಯಾಣಕುಮಾರ. ತಂಡದಲ್ಲಿ ಕೀಬೋರ್ಡ್ ನುಡಿಸುವವನು, ಸ್ಪೀಕರ್ ಡಬ್ಬಿಗಳ ಮಾಲೀಕ, ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡವನು.

"ಇದೇನು ತಂಬೂರಿ ಅಲ್ರಿ ಚಾಚಾ," ಎಂದ ಅವನು. "ತಂತಿ ಅಲುಗಿದ್ದು ಪಿಕಪ್ ಹಿಡಿತದ, ವಾಯರಿನಾಗ ಡಬ್ಬಿಗಿ ಹೋಗ್ತದ. ನಡುವ ಕಟಿಗಿಗಿ ಏನು ಕೆಲಸ? ಸಿಮೆಂಟಿಲೆ ಮಾಡಿದ್ರೂ ಅದೇ ಸೌಂಡ್."

ಲಾಲಸಾಬನಿಗೆ ಮೈ ಉರಿಯಿತು. ಕಟ್ಟಿಗೆಗೆ ದನಿಯೇ ಇಲ್ಲ ಅಂದರೆ ಅವನ ಬದುಕಿಗೆ ಅರ್ಥವೇ ಇಲ್ಲ ಅಂದ ಹಾಗೆ.

"ಕಟಿಗಿ ಬ್ಯಾರೆ ಆದ್ರ ದನಿ ಬ್ಯಾರೆ. ಮೂರು ಕಟಿಗ್ಯಾಗ ಮೂರು ಮೈ ಮಾಡ್ತೇನಿ. ನೀವು ಬಾರಸ್ರಿ, ನಾ ಬೆನ್ನ ತಿರುವಿ ಕೂತು ಯಾವದು ಯಾವ ಕಟಿಗಿ ಅಂತ ಹೇಳ್ತೇನಿ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಒಳಬಾಗಿಲಲ್ಲಿ ಮೊರ ನಿಂತುಬಿಟ್ಟಿತ್ತು.

ಇಪ್ಪತ್ತು ದಿನ ಮಾಡಿದ. ಒಂದು ಬೇವಿನದು, ಹಗುರ, ಉಜ್ಜುವಾಗ ಗಂಟಲೆಲ್ಲ ಕಹಿ. ಒಂದು ಹಳೆಯ ವಾಡೆಯ ಬಾಗಿಲಿನಿಂದ ತೆಗೆದ ಸಾಗವಾನಿ. ಮೂರನೆಯದು ಜಾಲಿ. ನಮ್ಮ ಕಡೆ ಬಡಿಗರು ಹಸಿ ಜಾಲಿಯನ್ನು ಮುಟ್ಟುವುದಿಲ್ಲ, ಹುಳ ಹಿಡಿಯದಿರಲಿ ಎಂದು ತಿಂಗಳುಗಟ್ಟಲೆ ನೀರಲ್ಲಿ ಮುಳುಗಿಸಿಡುತ್ತಾರೆ. ಈ ಜಾಲಿ ಸೊನ್ನದ ಬ್ಯಾರೇಜಿನ ಹಿನ್ನೀರಿನಲ್ಲಿ ಬಂಡಿಯ ಅಚ್ಚಿಗೆಂದು ಆರು ತಿಂಗಳು ಮಲಗಿತ್ತು. ಅದಕ್ಕೆ ಗಿಟಾರಾಗುವ ಯೋಗ ಬಂತು. ಮೂರು ಉಳಿಗಳ ಬಾಯಿ ಮುರಿದು, ಕೊನೆಗೆ ಬೀಸುವ ಕಲ್ಲಿನಷ್ಟು ಭಾರದ ಗಿಟಾರಾಯಿತು. ಕುತ್ತಿಗೆ ಇದ್ದದ್ದು ಒಂದೇ. ನಾಲ್ಕು ಸ್ಕ್ರೂ ಬಿಚ್ಚಿ ಒಂದು ಮೈಯಿಂದ ಇನ್ನೊಂದಕ್ಕೆ ಕೂಡಿಸುವಂತೆ ಮಾಡಿದ, ಪಿಕಪ್ಪೂ ಹಾಗೆಯೇ.

ಲಾಲಸಾಬ ಮೂರನ್ನೂ ಬಡಿದಾಗ ಖುರ್ಷಿದಬೇಗಂ ಕೇಳಿದ್ದಳು, ಮೂರಕ್ಕೂ ಬೇರೆ ಬೇರೆ ದನಿ. ಆದ್ದರಿಂದ ಆರು ವರ್ಷದಲ್ಲಿ ಮೊದಲ ಬಾರಿ ಇಬ್ಬರೂ ಇದನ್ನು ಬಾಯಿಬಿಟ್ಟು ಆಡಿದರು. ಬೇವಾದರೆ ಮೊರ ಒಂದು ಸಲ ಕುಣಿಯಬೇಕು, ಸಾಗವಾನಿಗೆ ಎರಡು, ಜಾಲಿಗೆ ಮೂರು. "ಡಬ್ಬ್ಯಾಗಿಂದ ಹ್ಯಾಂಗ ಕೇಳಸ್ತದೋ ಗೊತ್ತಿಲ್ಲ ಮತ್ತ," ಎಂದಳು. ಲಾಲಸಾಬ ಆ ಮಾತನ್ನು ಕೇಳಿಸಿಕೊಳ್ಳದವನ ಹಾಗೆ ಇದ್ದ. ಅದು ಅವನಿಗೆ ಸುಲಭವಾಗಿತ್ತು.

ರವಿವಾರ ಓಣಿಯ ಮಂದಿಯೆಲ್ಲ ಅಂಗಳದಲ್ಲಿ ಸೇರಿದರು. ಯಾರ ಮುಖ ನೋಡಿಯೂ ಗುಟ್ಟು ತಿಳಿಯಬಾರದು ಎಂದು ಕಲ್ಯಾಣಕುಮಾರ ಕೆಲಸದ ಚಪ್ಪರಕ್ಕೆ ಚಾದರ ಕಟ್ಟಿ, ಧಮ್ಮಪಾಲನನ್ನೂ ಮೂರು ಗಿಟಾರನ್ನೂ ಅದರ ಹಿಂದೆ ಹಾಕಿದ. ಲಾಲಸಾಬ ಚಾದರಕ್ಕೆ ಬೆನ್ನುಮಾಡಿ ಕೂತ. ಎದುರಿಗೆ ಮನೆಯ ಬಾಗಿಲು, ಬಾಗಿಲಲ್ಲಿ ಹೆಂಡತಿ, ಹೆಂಡತಿಯ ಕೈಯಲ್ಲಿ ಮೊರ.

ಮೊದಲನೆಯದನ್ನು ನುಡಿಸಿದರು. ಜನ ತಲೆದೂಗಿದ್ದು ಅವನಿಗೆ ಕಂಡಿತು. ಮೊರ ಅಲುಗಲಿಲ್ಲ.

ಎರಡನೆಯದು ಆಯಿತು. ಮೊರ ಅಲುಗಲಿಲ್ಲ.

ಮೂರನೆಯದು ಮುಗಿಯುವ ಹೊತ್ತಿಗೆ ಲಾಲಸಾಬನ ಅಂಗಿ ಬೆನ್ನಿಗೆ ಅಂಟಿತ್ತು. ಖುರ್ಷಿದಬೇಗಂ ಅವನನ್ನೇ ನೋಡುತ್ತಿದ್ದಳು, ಮೊರವನ್ನು ಎದೆಗೆ ಅವಚಿಕೊಂಡಂತೆ ಹಿಡಿದಿದ್ದಳು. ಮರ್ಯಾದೆ ಹೋಯಿತು ಎಂದುಕೊಂಡ. ಆಮೇಲೆ ಆರು ವರ್ಷದ ಅಭ್ಯಾಸ ಅವನ ಕೈಹಿಡಿಯಿತು. ಮೊರ ನಿಂತರೆ ಅರ್ಥ ಒಂದೇ, ಒಳಗೆ ಏನೋ ಸರಿಯಿಲ್ಲ. ಮೂರು ಸಲವೂ ನಿಂತಿದೆ ಅಂದರೆ ಮೂರು ಸಲವೂ ಅವಳಿಗೆ ಕೇಳಿದ್ದು ಒಂದೇ ದನಿ.

"ಇದರಾಗ ಏನೋ ಪೊಳ್ಳ ಅದ," ಎಂದ. "ನೀವು ಮೂರು ಬಾರಿಸಿಲ್ಲ."

ಚಾದರ ಸರಿಸಿ ಧಮ್ಮಪಾಲ ತಲೆ ತಗ್ಗಿಸಿಕೊಂಡು ಹೊರಗೆ ಬಂದ. ಅವನ ಕೊರಳಲ್ಲಿ ಸಾಗವಾನಿಯದು ಒಂದೇ ಇತ್ತು. ಕಲ್ಯಾಣಕುಮಾರನ ಮಾತಿನಂತೆ ಅದೊಂದನ್ನೇ ಮೂರು ಸಲ ನುಡಿಸಿದ್ದ. ನಡುನಡುವೆ ಸ್ಕ್ರೂ ಬಿಚ್ಚಿದ ಸದ್ದು ಮಾತ್ರ ಮಾಡಿದ್ದರು, ಆ ಸದ್ದೂ ಲಾಲಸಾಬನಿಗೆ ಕೇಳಿರಲಿಲ್ಲ.

ಆಮೇಲೆ ಏನು ಹೇಳಲಿ! ಮಂದಿ ಅವನನ್ನು ಎತ್ತಿಕೊಳ್ಳುವುದೊಂದು ಬಾಕಿ. ಕಲ್ಯಾಣಕುಮಾರ ಕಾಲು ಮುಟ್ಟಿ, "ಇಂಥ ಕಿವಿ ನಾ ಎಲ್ಲೂ ಕಂಡಿಲ್ರಿ, ಸೋತೆ," ಎಂದ. ಸೋತವನು ಒಳ್ಳೆಯವನೇ, ದೊಡ್ಡ ದನಿಯಲ್ಲಿ ಹೇಳಿದ. ಲಾಲಸಾಬ ಬಾಗಿಲ ಕಡೆ ನೋಡಿದ. ಖುರ್ಷಿದಬೇಗಂ ತಲೆ ತಗ್ಗಿಸಿ ಎರಡು ವರ್ಷದ ಹಳೆಯ ಜೋಳವನ್ನು ನಿಜಕ್ಕೂ ಹಸನು ಮಾಡುತ್ತಿದ್ದಳು. ಒಬ್ಬರೂ ಅವಳ ಕಡೆ ತಿರುಗಿರಲಿಲ್ಲ. ಲಾಲಸಾಬನಿಗೆ ನಾಚಿಕೆಯಾಯಿತು. ಸೋತಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ನನಗ ಕಿವಿ ಇಲ್ಲ," ಎಂದ. "ಆರು ವರ್ಷ ಆತು. ಕೇಳಾಕಿ ಅಕಿ. ನಾ ಬರೇ ಬಡಿಯಾಂವ."

ಜನ ನಕ್ಕರು. ದೊಡ್ಡವರ ವಿನಯ ಹೀಗೇ ಇರುತ್ತದೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ನಿಜ ಹೇಳಿದರೆ ಇನ್ನಷ್ಟು ಹೆಸರು ಬರುವ ಪರಿಸ್ಥಿತಿ ಬಂತಲ್ಲ ಎಂದು ಲಾಲಸಾಬ ದಿಕ್ಕು ತೋಚದೆ ನಿಂತ. ಆಗ ಖುರ್ಷಿದಬೇಗಂ ಮೊರ ಕೆಳಗಿಟ್ಟು ಎದ್ದಳು.

"ಖರೇನ ಹೇಳಾಕತ್ತಾರ. ಇನ್ನೊಂದು ನಾಕ ದಿನ ಹೇಳಿದ್ದಿಲ್ಲಂದ್ರ ಆ ಜೋಳ ಹಿಟ್ಟ ಆಗತಿದ್ದವು. ಈಗ ಮೂರೂ ಬಾರಸ್ರಿ. ಮೋಸ ಬ್ಯಾಡ."

ಈ ಸಲ ಚಾದರ ಇಲ್ಲ. ಅವಳೇ ಗೋಡೆಗೆ ಮುಖ ಮಾಡಿ ನಿಂತಳು. ಧಮ್ಮಪಾಲ ಕುತ್ತಿಗೆ ಬದಲಿಸಿ ಬದಲಿಸಿ ಮೂರನ್ನೂ ನುಡಿಸಿದ. ಹಿಂದುಮುಂದು ಮಾಡಿ ಇನ್ನೊಮ್ಮೆ ನುಡಿಸಿದ. ಅವಳು ಜಾಲಿಯನ್ನು ಎರಡೂ ಸಲ ಸರಿಯಾಗಿ ಹೇಳಿದಳು, ಬೇವು ಸಾಗವಾನಿಯಲ್ಲಿ ಒಮ್ಮೆ ತಪ್ಪಿದಳು.

"ಬೆರಳಿಲೆ ಬಡದ್ರ ಮೂರೂ ಬ್ಯಾರೆ," ಎಂದಳು. "ಡಬ್ಬ್ಯಾಗ ಹೊಕ್ಕು ಬಂದ್ರ ಅಕ್ಕತಂಗೇರು. ಜಾಲಿದು ತುಸು ಹೊತ್ತ ನಿಲ್ತದ, ಬೇವಿಂದು ಲಗೂ ಆರತದ. ಇಷ್ಟೇ ಫರಕ. ಯಾರೂ ಪೂರಾ ಗೆದ್ದಿಲ್ಲ."

ಲಾಲಸಾಬನ ಮುಖ ಇಳಿಯಿತು. ಮೂರು ಉಳಿ ಮುರಿದದ್ದು ಇಷ್ಟು ಫರಕಿಗೆ? ಧಮ್ಮಪಾಲನಿಗೆ ಅದು ತಿಳಿಯಿತು. ಡಬ್ಬಿಯ ವಾಯರು ಕಿತ್ತು, ಬೇವಿನ ಗಿಟಾರನ್ನು ಲಾಲಸಾಬನ ಎದೆಗೆ ಒತ್ತಿ ಹಿಡಿಸಿ ತಂತಿ ಮೀಟಿದ.

"ಮಂದಿಗಿ ಡಬ್ಬಿ ಕೇಳಸ್ತದ ಚಾಚಾ. ಹಿಡದಾಂವಗ ಕಟಿಗಿ ಗೊತ್ತಾಗ್ತದ."

ಲಾಲಸಾಬನ ಪಕ್ಕೆಲುಬಿನಲ್ಲಿ ಏನೋ ಗುಂಯ್ ಅಂದು ನಿಧಾನ ಆರಿತು. ಕುತ್ತಿಗೆ ಬದಲಿಸಿಕೊಂಡು ಜಾಲಿಯದನ್ನೂ ಹಿಡಿದು ನೋಡಿದ. ಅದರ ನಡುಕ ಸಣ್ಣದು, ಬಿಗಿ, ಆರಲು ಹೊತ್ತು ಹಿಡಿಯಿತು. ಮತ್ತೆ ಬೇವು, ಮತ್ತೆ ಜಾಲಿ. ಕಲ್ಯಾಣಕುಮಾರ ಚಹಾ ಕುಡಿದು ಮುಗಿಸಿದರೂ ಅವನು ಬಿಡಲಿಲ್ಲ. ಕೊನೆಗೆ ಧಮ್ಮಪಾಲ ಬೇವಿನದನ್ನು ಒಯ್ದ. ನಾಲ್ಕು ತಾಸು ನಿಂತು ಹಾಡುವವನ ಹೆಗಲಿಗೆ ಅದೇ ಸರಿ ಎಂದು ಖುರ್ಷಿದಬೇಗಂ ತೀರ್ಪು ಕೊಟ್ಟಿದ್ದಳು.

ಮುಂದಿನ ವಾರ ಆಳಂದ ತಾಲೂಕಿನ ಮಟಕಿಯಿಂದ ಅಮೋಘಸಿದ್ದ ಒಂದು ದಿಮ್ಮಿ ತಂದ. ಅವನು ಲಾಲಸಾಬನ ಹಳೆಯ ಗಿರಾಕಿ. ಸುದ್ದಿ ಮಟಕಿಗೂ ಮುಟ್ಟಿತ್ತು. ದಿಮ್ಮಿ ಇಳಿಸಿದವನೇ ಲಾಲಸಾಬನನ್ನು ದಾಟಿ ಬಾಗಿಲ ಕಡೆ ನೋಡಿದ.

"ಭಾಭಿ, ತುಸು ಬರ್ರಿ ಇಲ್ಲಿ. ಇದು ಹ್ಯಾಂಗದ ಹೇಳ್ರಿ."

ಇಷ್ಟು ವರ್ಷ ಲಾಲಸಾಬ ಹೆದರಿದ್ದು ಇದಕ್ಕೇ. ಅದು ಬಂದೇ ಬಿಟ್ಟಿತು, ಹೀಗೆ ಸಾದಾ ಮಾತಿನಲ್ಲಿ. ಖುರ್ಷಿದಬೇಗಂ ಅಂಗಳಕ್ಕೆ ಬಂದು ಸೆರಗು ಸರಿಮಾಡಿಕೊಂಡು ನಿಂತಳು, ದಿಮ್ಮಿಯನ್ನು ಮುಟ್ಟಲಿಲ್ಲ.

"ಮೊದಲ ಅವರು ಹೇಳಲಿ."

ಲಾಲಸಾಬ ಕೂತ. ಎಡ ಅಂಗೈಯನ್ನು ದಿಮ್ಮಿಯ ಆ ತುದಿಗೆ ಒತ್ತಿ, ಬಲಗೈಯಿಂದ ಈ ತುದಿಗೆ ಬಡಿದ. ಮೂರು ಕಡೆ ಬಡಿದು, ಮತ್ತೊಮ್ಮೆ ಬಡಿದ. ಈ ಸಲ ತಲೆ ವಾಲಿಸಲಿಲ್ಲ.

"ಈ ಕಡಿ ಗಟ್ಟಿ ಅದ," ಎಂದ. "ಆ ಕಡಿ ಒಂದು ಮೊಳದಷ್ಟು ಪೊಳ್ಳ. ಅಷ್ಟು ಕತ್ತರಿಸಿ ಒಗೀಬೇಕು."

ಖುರ್ಷಿದಬೇಗಂ ಬಗ್ಗಿ ಒಮ್ಮೆ ಬಡಿದು ನೋಡಿದಳು.

"ಹೌದು," ಎಂದಳು ಅಮೋಘಸಿದ್ದನಿಗೆ.

ಅವನು ದಿಮ್ಮಿ ಬಿಟ್ಟು ಹೋಗುವವರೆಗೆ ಲಾಲಸಾಬ ತಡೆದುಕೊಂಡ. ಆಮೇಲೆ ಕೇಳಿದ, "ಖರೇನ ಹೌದೇನು? ನನ್ನ ಮಾರಿ ನೋಡಿ ಅಂದೇನು?"

"ನಿಮ್ಮ ಮಾರಿ ನೋಡಿ ಆರು ವರ್ಷ ಕೂತೇನಿ, ಸಾಕು," ಎಂದಳು ಅವಳು. "ತಪ್ಪಿದ್ರ ಮಂದಿ ಮುಂದನ ಹೇಳ್ತಿದ್ದೆ. ನಿಮ್ಮ ಕೈಗಿ ಕೇಳಿಸ್ಯದ."

ಲಾಲಸಾಬ ಗರಗಸ ತೆಗೆದುಕೊಂಡು ಆ ಒಂದು ಮೊಳವನ್ನು ಕೊಯ್ಯತೊಡಗಿದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಕಟ್ಟಿಗೆಯ ಹೊಟ್ಟು ಬಿತ್ತು ಎಂದು ಯಾರಿಗೂ ಹೇಳಬೇಕಾಗಲಿಲ್ಲ. ಕೊಯ್ದು ಮುಗಿದಾಗ ಒಳಗಿನಿಂದ ಗೆದ್ದಲಿನ ಮಣ್ಣು ಬೊಗಸೆಯಷ್ಟು ಸುರಿಯಿತು. ಅವನು ಅದನ್ನು ಅಂಗೈಯಲ್ಲಿ ತುಂಬಿಕೊಂಡು ಹೆಂಡತಿಗೆ ತೋರಿಸಲು ಒಳಗೆ ಹೋದ.