ಕಾಕು ಬಡಿದ ರೊಟ್ಟಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕು, ನನಗೆ ಚಿಕ್ಕಮ್ಮನಂಥವರು, ರೊಟ್ಟಿ ಬಡಿಯಲು ಕೂತರೆ ಸಪ್ಪಳ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಮಾತಿಗೊಮ್ಮೆ ‘ಖರೇನ ಹೇಳತೇನಿ’ ಎನ್ನುವ, ಎದುರಿಗಿದ್ದವರ ತೊಡೆ ತಟ್ಟಿ ನಗುವ ಹೆಂಗಸು. ಸ್ಕಿಜೋಫ್ರೇನಿಯಾ ಬಂದ ವರ್ಷ ಆ ಸಪ್ಪಳ ನಿಂತಿತು.

“ಖರೇನ ಹೇಳತೇನಿ ತಂಗಿ, ರೊಟ್ಟಿ ನಾ ಬಡಿಯಾಕತ್ತಿಲ್ಲ. ಯಾರೋ ನನ್ನ ಕೈ ಹಿಡದು ಬಡಿಸಾಕತ್ತಾರ,” ಎಂದು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

ಧಾರವಾಡದ ಡಾಕ್ಟರ ಬಳಿಗೆ ನಾನೂ ಜೊತೆಗೆ ಹೋಗಿದ್ದೆ. ನಿಮ್ಮ ಅಂಗೈಗೆ ನೀವೇ ಕಚಗುಳಿ ಇಟ್ಟುಕೊಳ್ಳಿ ಎಂದು ಅವರು ನಮ್ಮಿಬ್ಬರಿಗೂ ಹೇಳಿದರು. ಕಾಕು ಕಿಲಕಿಲ ನಕ್ಕರು. ನಾನು ಇಟ್ಟುಕೊಂಡರೆ ಏನೂ ಆಗಲಿಲ್ಲ.

“ಕೈ ಆಡಿಸೋ ಮುಂಚೇನ ಮಿದುಳು ‘ಇದು ನಂದ ಕೆಲಸ’ ಅಂತ ತನಗ ತಾನ ಸುದ್ದಿ ಕೊಡತೈತಿ. ಅದಕ್ಕ ನಮ್ಮ ಕೈ ನಮಗ ಕಚಗುಳಿ ಆಗೂದಿಲ್ಲ. ಈ ಜಡ್ಡಿನ್ಯಾಗ ಆ ಸುದ್ದಿ ಸರಿಯಾಗಿ ಮುಟ್ಟೂದಿಲ್ಲ, ಅದಕ್ಕ ನಮ್ಮ ಕೈ ಮಾಡಿದ್ದು ಬ್ಯಾರೇ ಯಾರೋ ಮಾಡಿಸಿಧಂಗ ಅನಸತೈತಿ,” ಎಂದರು ಡಾಕ್ಟರು.

“ಅಂದ್ರ ನನ್ನ ಕೈಯಾಗ ಯಾರೂ ಬಂದಿಲ್ಲೇನ್ರಿ?”

“ಯಾರೂ ಇಲ್ರಿ ಅವ್ವಾರ. ಗುಳಿಗಿ ಮಾತ್ರ ಬಿಡಬ್ಯಾಡ್ರಿ.”

ಬಸ್ಸಿನಲ್ಲಿ ಹುಬ್ಬಳ್ಳಿ ಮುಟ್ಟುವವರೆಗೂ ಕಾಕು ಅಂಗೈ ಕೆರೆದುಕೊಂಡು ನಗುತ್ತಲೇ ಇದ್ದರು. ನನಗೂ ನಗು ತಡೆಯಲಾಗಲಿಲ್ಲ.

ಗುಳಿಗೆಯ ಗುಣ ಹತ್ತಲು ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದಾಗ ಗೋಡೆಯಾಚೆ ಪಟಪಟ ಶುರುವಾಯಿತು. ಓಡಿದೆ. ಕಾಕು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕೂತಿದ್ದರು. ಹಂಚಿನ ಮೇಲೆ ರೊಟ್ಟಿ ಉಬ್ಬಿತ್ತು. ಅವರ ಗಂಡ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು.

“ನೋಡಕೋತ ಏನ್ ನಿಂತೀರಿ ಇಬ್ರೂ?” ಕಾಕು ಗದರಿದರು. “ಬದನಿಕಾಯಿ ಪಲ್ಯ ಐತಿ. ಬಿಸಿ ಇದ್ದಾಗ ತಿನ್ರಿ.”