ಸಾಹೇಬರು ಕುಣಿಯ ಮೇಲೆ ಕುಳಿತದ್ದು

ಈಗ ನಮ್ಮ ಪಡಸಾಲೆಯಲ್ಲಿ ಮೊಮ್ಮಕ್ಕಳು ಉರುಳಾಡಿಕೊಂಡು ಮಲಗುತ್ತಾರೆ. ಒಬ್ಬನ ಕಾಲು ಇನ್ನೊಬ್ಬನ ಹೊಟ್ಟೆಯ ಮೇಲೆ. ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಅಷ್ಟು ಹಿಗ್ಗು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಆದರೂ ಈ ಪಡಸಾಲೆ ನಮಗೆ ಹೇಗೆ ಸಿಕ್ಕಿತೆಂದು ಬರೆಯಬೇಕೆನಿಸಿದೆ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿದ್ದ ಕಾಲ. ಬನಹಟ್ಟಿಯ ನಮ್ಮ ಓಣಿಯ ನೇಕಾರರು ಕೂಡಿ ಒಂದು ಸೊಸೈಟಿ ಮಾಡಿದ್ದರು. ನನ್ನ ಮಾವನವರು ಅದರ ಚೇರ್ಮನ್. ಎಲ್ಲರ ಮಗ್ಗವೂ ಮನೆಯೊಳಗೇ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಇದ್ದೊಂದು ಪಡಸಾಲೆಯನ್ನು ಅದೇ ನುಂಗಿತ್ತು. ಎಲ್ಲರ ಮಗ್ಗಗಳಿಗೂ ಊರ ಹೊರಗೆ ಒಂದು ಶೆಡ್ ಕಟ್ಟಲು ಅನುದಾನ ಕೊಡಿರೆಂದು ಸೊಸೈಟಿ ಅರ್ಜಿ ಹಾಕಿತ್ತು. ನಾನಾಗ ಬಸುರಿ. ಮೊದಲ ಮಗಳು ತವರೂರು ಗಲಗಲಿಯಲ್ಲಿ ಹುಟ್ಟಿದ್ದಳು. ಇದು ಇಲ್ಲೇ ಆಗಬೇಕು. ಶೆಡ್ ಆಗದಿದ್ದರೆ ಬಾಣಂತಿ ಮಲಗುವ ಹೊರಸು ಹಾಕಲು ಜಾಗವೇ ಇರಲಿಲ್ಲ.

ವಿಜಾಪುರದಿಂದ ಸಾಹೇಬರೊಬ್ಬರು ತಪಾಸಣೆಗೆ ಬರುತ್ತಾರೆಂದು ತಿಳಿಯಿತು. ದೊಡ್ಡವರನ್ನು ಇಕ್ಕಟ್ಟಿನಲ್ಲಿ ಕೂಡಿಸುವುದು ಸರಿಯಲ್ಲವೆಂದು ಮಾವನವರು ಮಗ್ಗವನ್ನೇ ಬಿಚ್ಚಿಸಿ ಹಿತ್ತಲಿಗೆ ಹಾಕಿಸಿದರು. ಕುಣಿಯ ಮೇಲೆ ಹಲಗೆ, ಅದರ ಮೇಲೆ ಜಮಖಾನೆ, ಜಮಖಾನೆಯ ಮೇಲೆ ಎರವಲು ತಂದ ಕುರ್ಚಿ.

ಸಾಹೇಬರು ಬಂದು ಕುಳಿತು ಚಹಾ ಕುಡಿದರು.

"ಮನಿ ಛಲೋ ಅಗಲ ಐತಲ್ರಿ, ಚೇರ್ಮನ್ನರ."

"ಎಲ್ಲಾ ತಮ್ಮ ಆಶೀರ್ವಾದ್ರಿ," ಎಂದರು ಮಾವ.

"ಇಷ್ಟ ಜಾಗಾ ಇದ್ದಮ್ಯಾಲ ನಿಮಗ ಶೆಡ್ ಯಾಕ ಬೇಕ್ರಿ?"

ಮನೆಗೆ ಬಂದವರಿಗೆ ಎದುರಾಡಿ ಮಾವನವರಿಗೆ ಗೊತ್ತಿರಲಿಲ್ಲ. ಕೈಮುಗಿದು ನಿಂತೇ ಬಿಟ್ಟರು. ಶೆಡ್ ಬೇಕಿಲ್ಲವೆಂದು ಬರೆಯಲು ಸಾಹೇಬರು ಪೆನ್ನು ತೆಗೆದರು. ಆಗ ಅಡಿಗೆಮನೆಯ ಬಾಗಿಲ ಮರೆಯಿಂದ ಅತ್ತೆಯ ದನಿ ಬಂತು, ಮಾವನವರಿಗೇ ಹೇಳಿದಂತೆ:

"ಸಾವಕಾಶ ಏಳ್ರಿ ಅಂತ ಹೇಳ್ರಿ ಅವರಿಗೆ. ಕುಣಿ ಮ್ಯಾಲ ಕುಂತಾರ."

ಸಾಹೇಬರು ಸಾವಕಾಶ ಏಳಲಿಲ್ಲ. ಒಮ್ಮೆಲೇ ಎದ್ದರು. "ಎಂಥಾ ಕುಣಿರಿ?"

"ಮಗ್ಗದ್ರಿ," ಎಂದರು ಅತ್ತೆ. "ನಿನ್ನಿತನಾ ಇಲ್ಲೇ ಇತ್ತು. ತಾವು ಬರ್ತೀರಂತ ಕಿತ್ತ ಹಿತ್ತಲದಾಗ ಹಾಕ್ಯಾರ."

"ಚೇರ್ಮನ್ನರ, ಮಗ್ಗಾ ಮುಚ್ಚಿಟ್ರ ನಾ ಏನ ನೋಡಬೇಕ್ರಿ?"

"ತಮಗ ಇಕ್ಕಟ್ಟ ಆಗತೈತಂತ್ರಿ..."

"ಆ ಇಕ್ಕಟ್ಟ ನೋಡಾಕ ಬಂದೇನಿ ನಾ."

ಮಾವನವರು ಜಮಖಾನೆ ಸುತ್ತಿ ಹಲಗೆ ಎತ್ತಿದರು. ಮಳೆಗಾಲ, ಕುಣಿಯ ತಳದಲ್ಲಿ ನೀರು ಜಿನುಗಿತ್ತು. ನೀವೆಲ್ಲ ಮಲಗುವುದೆಲ್ಲಿ ಎಂದು ಸಾಹೇಬರು ಕೇಳಿದರು.

"ಮಗ್ಗದ ಬಾಜೂಕ್ರಿ," ಎಂದರು ಅತ್ತೆ. "ನಮ್ಮ ಸೊಸಿಗೆ ಈಗ ಮೂರ ತಿಂಗಳ. ನಾಳೆ ಬಾಣಂತಿ ಆದ್ರ ಆಕಿ ಹೊರಸ ಏನ ಈ ಚೇರ್ಮನ್ನರ ತಲಿ ಮ್ಯಾಲ ಹಾಕ್ಲಿ?"

ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಸರಿದೆ. ನಗು ತಡೆಯಲಾಗಲಿಲ್ಲ. ಮಗ್ಗ ಮತ್ತೆ ಕೂಡಿಸಿರಿ, ಲೋಕಾಪುರದ ಕೆಲಸ ಮುಗಿಸಿ ಬಂದು ನೋಡುತ್ತೇನೆ ಎಂದು ಹೇಳಿ ಸಾಹೇಬರು ಹೋದರು.

ಹೇಳಿದಂತೆ ಬಂದರು. ಈ ಸಲ ಕುರ್ಚಿ ಹಾಕಲು ಜಾಗವಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆದು, ನಿಂತುಕೊಂಡೇ ಬರೆದುಕೊಂಡರು. ಮಾವನವರು ನಾಚಿಕೆಯಿಂದ ತಲೆ ಎತ್ತಲಿಲ್ಲ.

ಅನುದಾನ ಮಂಜೂರಾಯಿತು. ಶೆಡ್ ಎದ್ದಿತು. ಆದರೆ ಚೇರ್ಮನ್ನನ ಮಗ್ಗ ಎಲ್ಲರಿಗಿಂತ ಕಡೆಗೆ ಹೋಗಬೇಕೆಂದು ಮಾವನವರು ಹಟ ಹಿಡಿದರು. ನನಗೆ ಒಂಬತ್ತು ತುಂಬಿತ್ತು. ಒಂದು ಮುಂಜಾನೆ ಸೊಸೈಟಿಯ ನಾಲ್ಕು ಮಂದಿ ತಾವೇ ಬಂದು ನಮ್ಮ ಮಗ್ಗ ಬಿಚ್ಚತೊಡಗಿದರು.

"ಇನ್ನೂ ನನ್ನ ಪಾಳಿ ಬಂದಿಲ್ರೋ," ಎಂದರು ಮಾವ.

"ನಿಮ್ಮ ಪಾಳಿ ನೋಡಿ ಕೂಸ ಬರತೈತೇನ್ರಿ? ಸರೀರಿ ಅತ್ತಾಗ," ಎಂದು ಒಬ್ಬಾತ ಮಗ್ಗದ ಕಟ್ಟಿಗೆ ಹೊತ್ತುಕೊಂಡು ನಡೆದ.

ಕುಣಿಗೆ ಮಣ್ಣು ತುಂಬಿ, ಬಡಿದು, ನೆಲ ಸಾರಿಸಿ, ಹೊರಸು ಹಾಕಿದರು. ವಾರವೂ ತುಂಬಿರಲಿಲ್ಲ, ಬೇನೆ ಬಂತು. ಸೂಲಗಿತ್ತಿ ಗಂಡಸರನ್ನೆಲ್ಲ ಹೊರಗೆ ಹಾಕಿದಳು. ಮಾವನವರು ಕಟ್ಟೆಯ ಮೇಲೆ ಕೂಡಲಾರದೆ ಶೆಡ್ಡಿಗೆ ಹೋಗಿ ನೇಯುತ್ತ ಕುಳಿತರು. ಗಂಡುಕೂಸೆಂದು ಹೇಳಲು ನನ್ನ ಯಜಮಾನರು ಅಲ್ಲಿಗೇ ಓಡಿದರು. ಅಷ್ಟೂ ಮಗ್ಗಗಳ ಸದ್ದಿನಲ್ಲಿ ಮೊದಲ ಸಲ ಕೂಗಿದ್ದು ಮಾವನವರಿಗೆ ಕೇಳಿಸಲೇ ಇಲ್ಲವಂತೆ.